‘ನಿನಗೆ ಗೊತ್ತಾ?’ ಎಂಬ ಉತ್ತರ: ಸ್ವಲೀನ ಮಕ್ಕಳ ಮಾತಿನ ಧಾಟಿ

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲೆಗಳಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳ ಅಭ್ಯಾಸ ಬೋಧನೆಯನ್ನು ಅವಲೋಕಿಸುವುದು ನನ್ನ ಕೆಲಸ. ಕೊರಟಗೆರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಐದನೇ ತರಗತಿಗೆ ಪರಿಸರ ಅಧ್ಯಯನದ ಪಾಠ ನಡೆಯುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ.

“ನಮ್ಮೂರ ಕೆರೆಗೆ ನೀರು ಎಲ್ಲಿಂದ ಬರುತ್ತೆ?” ಎಂದು ಪ್ರಶಿಕ್ಷಣಾರ್ಥಿ ಕೇಳಿದಳು. ಕಿಟಕಿ ಪಕ್ಕದ ಹುಡುಗನೊಬ್ಬ ಅದೇ ರಾಗದಲ್ಲಿ “ಎಲ್ಲಿಂದ ಬರುತ್ತೆ?” ಎಂದ. ಮಕ್ಕಳು ನಕ್ಕರು. “ನಿನಗೆ ಗೊತ್ತಾ?” ಎಂದಳು. “ನಿನಗೆ ಗೊತ್ತಾ?” ಎಂದ. ಕೊನೆಯ ಅಕ್ಷರವನ್ನು ಅವಳು ಎಳೆದಷ್ಟೇ ಎಳೆದ. ಇಡೀ ತರಗತಿ ಗೊಳ್ಳೆಂದಿತು. ನಾನು ಅವಲೋಕನ ಪುಸ್ತಕದಲ್ಲಿ ಬರೆದೆ: “ಮಗು ಅಣಕಿಸಿದರೂ ಕ್ರಮ ಕೈಗೊಂಡಿಲ್ಲ. ತರಗತಿ ನಿಯಂತ್ರಣ ಸಾಲದು.”

ಬರೆದು ತಲೆಯೆತ್ತುವಷ್ಟರಲ್ಲಿ ಅವಳು ಅವನ ಕೈಗೆ ಸೀಮೆಸುಣ್ಣ ಕೊಟ್ಟಿದ್ದಳು. ಹುಡುಗ ಹಲಗೆಯ ಮೇಲೆ ಗುಡ್ಡ ಬರೆದ, ಹಳ್ಳ ಬರೆದ, ಏರಿ ಎಳೆದ, ತೂಬನ್ನೂ ಕೋಡಿಯನ್ನೂ ಅವು ಇರಬೇಕಾದ ಜಾಗದಲ್ಲೇ ಇಟ್ಟ. ಅವನು ಒಂದು ಮಾತೂ ಆಡಲಿಲ್ಲ. ಆ ದಿನದ ಪಾಠದಲ್ಲಿ ಅದಕ್ಕಿಂತ ಪೂರ್ಣವಾದ ಉತ್ತರ ಬೇರೆ ಬರಲಿಲ್ಲ.

ಹಿಮ್ಮಾಹಿತಿ ಕೊಡಲು ಕರೆದಾಗ ಅವಳು ಹೆದರುತ್ತಲೇ ಹೇಳಿದಳು: “ಮೇಡಂ, ಅವನು ಅಣಕಿಸಲಿಲ್ಲ. ಅವನು ‘ಗೊತ್ತಾ’ ಅಂದ್ರೆ ‘ಹ್ಞೂಂ, ಗೊತ್ತು’ ಅಂತ. ಹಸಿವಾದಾಗ ಮನೇಲಿ ‘ಊಟ ಬೇಕಾ’ ಅಂತಾನಂತೆ, ಅವರಮ್ಮ ಹೇಳಿದ್ರು.” ಮೊದಲ ವಾರದಲ್ಲೇ ಅವಳು ಗೇಟಿನ ಬಳಿ ತಾಯಿಯನ್ನು ಮಾತನಾಡಿಸಿದ್ದಳು. ಹುಡುಗನಿಗೆ ಸ್ವಲೀನತೆ, ಅಂದರೆ ಆಟಿಸಂ, ಇದೆಯೆಂಬ ದಾಖಲೆ ಶಾಲೆಯಲ್ಲೇ ಇತ್ತು. ನಾನು ಅದನ್ನು ಕೇಳಿ ನೋಡಿರಲಿಲ್ಲ.

ಇದು ಹೊಸ ಸಂಗತಿಯೇನೂ ಅಲ್ಲ. 1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿದಾಗಲೇ, ಕೇಳಿದ ಪ್ರಶ್ನೆಯನ್ನು ಹಾಗೆಯೇ ತಿರುಗಿ ಹೇಳುವುದು ಇಂಥ ಮಕ್ಕಳಲ್ಲಿ ‘ಹೌದು’ ಎನ್ನುವ ರೀತಿ ಎಂದು ಗುರುತಿಸಿದ್ದರು. 1981ರಲ್ಲಿ ಬ್ಯಾರಿ ಪ್ರಿಜಂಟ್ ಮತ್ತು ಜುಡಿತ್ ಡುಕನ್ ನಾಲ್ಕು ಮಕ್ಕಳ ಪ್ರತಿಧ್ವನಿ ಮಾತನ್ನು ಪರಿಶೀಲಿಸಿ, ಅದು ಏಳು ಬಗೆಯ ಕೆಲಸ ಮಾಡುತ್ತದೆ ಎಂದರು. ಒಪ್ಪಿಗೆ ಅವುಗಳಲ್ಲೊಂದು. ಬೇಡಿಕೆ, ಮಾತಿನ ಸರದಿ ಉಳಿಸಿಕೊಳ್ಳುವುದು, ಉತ್ತರಕ್ಕೆ ಮುಂಚಿನ ತಾಲೀಮು, ತನ್ನನ್ನು ತಾನು ನಡೆಸಿಕೊಳ್ಳುವುದು ಇವೂ ಅದರಲ್ಲಿ ಸೇರಿವೆ. ಆದ್ದರಿಂದ ತಿರುಗಿ ಹೇಳಿದ್ದೆಲ್ಲ ‘ಹೌದು’ ಆಗಬೇಕಿಲ್ಲ. ಗದ್ದಲ ಹೆಚ್ಚಾಗಿ ಗಾಬರಿಯಾದಾಗ ಅದೇ ಹುಡುಗ ಅದೇ ಮಾತನ್ನು ಹತ್ತು ಸಲ ಹೇಳಿಯಾನು. ಆಗ ಬೇಕಾದದ್ದು ಸೀಮೆಸುಣ್ಣವಲ್ಲ, ಸ್ವಲ್ಪ ನಿಶ್ಶಬ್ದ.

ಇಂಗ್ಲಿಷ್ ಪುಸ್ತಕಗಳು ಇಲ್ಲಿ ಸರ್ವನಾಮದ ಅದಲುಬದಲು ಎಂಬ ಮಾತನ್ನು ಹೇಳುತ್ತವೆ. ಕನ್ನಡದಲ್ಲಿ ನಾವು ನಾನು, ನೀನುಗಳನ್ನು ಬಿಟ್ಟೇ ಮಾತಾಡುವುದು ಹೆಚ್ಚು. ಆದ್ದರಿಂದ ಅದಲುಬದಲು ಕ್ರಿಯಾಪದದ ಕೊನೆಯಲ್ಲಿ ಅಡಗಿರುತ್ತದೆ. ‘ಆಟಕ್ಕೆ ಬರ್ತೀನಿ’ ಎನ್ನಬೇಕಾದ ಮಗು ‘ಆಟಕ್ಕೆ ಬರ್ತೀಯಾ’ ಎನ್ನುತ್ತದೆ. ‘ಬೇಕು’ ಎಂಬಲ್ಲಿ ‘ಬೇಕಾ’ ಬರುತ್ತದೆ. ನಾವು ದಿನವಿಡೀ ‘ಆ’ ಹಚ್ಚಿದ ಪ್ರಶ್ನೆಗಳನ್ನೇ ಕೇಳುತ್ತೇವೆ, ಮಗು ಅದನ್ನು ರಾಗದ ಸಮೇತ ಎತ್ತಿಕೊಳ್ಳುತ್ತದೆ. ಅದಕ್ಕೆ ಮಾಡಬಹುದಾದದ್ದು ಸರಳ. ‘ನೀರು ಬೇಕಾ?’ ಎಂದು ಕೇಳುವ ಬದಲು ಲೋಟ ತೋರಿಸಿ, ಅವನ ಬಾಯಿಂದ ಬರಬೇಕಾದ ವಾಕ್ಯವನ್ನೇ ಸಮಧ್ವನಿಯಲ್ಲಿ ಹೇಳುವುದು: ‘ನನಗೆ ನೀರು ಬೇಕು.’ ಆದರೆ ಅವನು ಸರಿಯಾಗಿ ಹೇಳುವವರೆಗೆ ಲೋಟ ಹಿಡಿದು ಕಾಯಿಸುವುದು ಪಾಠವಲ್ಲ, ಅದು ಪೀಡನೆ. ಈ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಧ್ವನಿಯ ಏರಿಳಿತದ ವಿಷಯ ಇನ್ನೂ ಸೂಕ್ಷ್ಮ. ಸ್ವಲೀನ ಮಕ್ಕಳಿಗೆಲ್ಲ ಒಂದೇ ಧಾಟಿ ಇರುವುದಿಲ್ಲ. ಕೆಲವರದು ಏರಿಳಿತವೇ ಇಲ್ಲದ ಸಪಾಟು ಮಾತು, ಕೆಲವರದು ಹಾಡಿದಂತೆ, ಕೆಲವರದು ಜಾಗಕ್ಕೆ ಹೊಂದದಷ್ಟು ಗಟ್ಟಿ. ಶಿರಾದ ಒಂದು ಶಾಲೆಯಲ್ಲಿ ಒಬ್ಬ ಹುಡುಗ ಇಡೀ ಗದ್ಯಪಾಠವನ್ನು ಒಂದೇ ಧ್ವನಿಯಲ್ಲಿ ಓದಿ ಮುಗಿಸಿದ. ನಮ್ಮ ವಾಚನ ಮೌಲ್ಯಮಾಪನದಲ್ಲಿ ಸ್ವರಭಾರಕ್ಕೆ, ಭಾವಕ್ಕೆ ಅಂಕವಿದೆಯಲ್ಲ, ಪ್ರಶಿಕ್ಷಣಾರ್ಥಿ ಸೊನ್ನೆ ಹಾಕಿ ‘ಅರ್ಥವಾಗಿಲ್ಲ’ ಎಂದು ಬರೆದಿದ್ದ. ಕತೆಯ ಐದು ಘಟನೆಗಳ ಚೀಟಿ ಕೊಟ್ಟು ಜೋಡಿಸು ಎಂದರೆ ಹುಡುಗ ತಪ್ಪಿಲ್ಲದೆ ಜೋಡಿಸಿದ. ಧ್ವನಿಯಲ್ಲಿ ಕಾಣದ ಅರ್ಥ ತಲೆಯಲ್ಲಿ ಇಲ್ಲವೆಂದುಕೊಳ್ಳುವುದು ಭಾಷಾ ಶಿಕ್ಷಕರಾದ ನಮ್ಮ ಹಳೆಯ ಚಾಳಿ.

ಪಾವಗಡದ ಕತೆ ಬೇರೆ. ಆ ತಾಲ್ಲೂಕಿಗೆ ಮೂರು ಕಡೆ ಆಂಧ್ರದ ಗಡಿ, ಬಹಳಷ್ಟು ಮನೆಗಳಲ್ಲಿ ತೆಲುಗು ಮಾತು. ಅಲ್ಲಿ ಒಬ್ಬ ಹುಡುಗಿ ಮೊಬೈಲಿನ ಕಾರ್ಟೂನುಗಳಿಂದ ಕಲಿತ ಗ್ರಾಂಥಿಕ ಕನ್ನಡವನ್ನು ಅದೇ ಧಾಟಿಯಲ್ಲಿ ಆಡುತ್ತಿದ್ದಳು. ಊಟದ ಸಾಲಿನಲ್ಲಿ ನಿಂತು ‘ದಯವಿಟ್ಟು ಗಮನಿಸಿ’ ಎನ್ನುತ್ತಿದ್ದಳು. ಮಕ್ಕಳು ಅವಳಿಗೆ ‘ಟಿ.ವಿ.’ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ತೆಲುಗು ನಿಲ್ಲಿಸಿ ಎಂದು ಯಾರೋ ತಾಯಿಗೆ ಹೇಳಿದ್ದರಂತೆ. ಎರಡು ಭಾಷೆ ಕೇಳುವುದರಿಂದ ಸ್ವಲೀನ ಮಕ್ಕಳ ಮಾತು ಹಿಂದೆ ಬೀಳುತ್ತದೆಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಮಗುವಿನಿಂದ ತಾಯಿಯ ಮಾತನ್ನು ಕಿತ್ತುಕೊಳ್ಳುವ ಸಲಹೆಯನ್ನು ನಮ್ಮವರು ಯಾರೂ ಕೊಡಬಾರದು. ಮಾತಿನ ಚಿಕಿತ್ಸೆಯ ಪ್ರಶ್ನೆಗಳಿದ್ದರೆ ತಾಲ್ಲೂಕಿನ ಬಿ.ಐ.ಇ.ಆರ್.ಟಿ. ಶಿಕ್ಷಕರ ಮೂಲಕ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆಗೆ ಕಳಿಸುವುದು ಸರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸ್ವಲೀನತೆಯೂ ಸೇರಿದೆ.

ಕೊರಟಗೆರೆಯ ಪುಸ್ತಕದಲ್ಲಿ ನಾನು ಬರೆದ ಸಾಲನ್ನು ಹೊಡೆದುಹಾಕಿ, ಕೆಳಗೆ ಸಹಿ ಮಾಡಿದೆ. ಹೊಡೆದ ಸಾಲು ಓದುವಂತೆಯೇ ಇರಲಿ ಎಂದು ಬಿಟ್ಟಿದ್ದೇನೆ, ಮುಂದಿನ ತಂಡದವರಿಗೆ ತೋರಿಸಲು. ಎರಡು ವಾರದ ನಂತರ ಅವಳ ಕೊನೆಯ ಪಾಠಕ್ಕೆ ಹೋಗಿದ್ದೆ. ಪ್ರಶ್ನೆ ಬಂತು, ಹುಡುಗ ಅದೇ ರಾಗದಲ್ಲಿ “ನಿನಗೆ ಗೊತ್ತಾ?” ಎಂದ. ಯಾರೂ ನಗಲಿಲ್ಲ. ಪಕ್ಕದಲ್ಲಿ ಕುಳಿತವನು ಎದ್ದು ನಿಂತು, “ಮಿಸ್, ಇವನಿಗೆ ಗೊತ್ತಂತೆ, ಸೀಮೆಸುಣ್ಣ ಕೊಡಿ” ಎಂದ.