ಸ್ಟ್ರಾಟ್‌ಫರ್ಡಿನ ಕವಿಜಯಂತಿ

ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ಎರಡು ಬಗೆಯಾಗಿ ವಿಂಗಡಿಸುವುದು ನಮ್ಮ ಲಾಕ್ಷಣಿಕರ ಸಂಪ್ರದಾಯ. ಶ್ರವ್ಯಕಾವ್ಯವು ಒಬ್ಬನೇ ಓದುಗನಿದ್ದರೂ ಸಾರ್ಥಕವಾಗಬಲ್ಲುದು. ದೃಶ್ಯಕಾವ್ಯಕ್ಕಾದರೋ ನಟರು ಬೇಕು, ರಂಗಸ್ಥಳ ಬೇಕು, ಒಟ್ಟಿಗೆ ಕುಳಿತು ನೋಡುವ ಸಹೃದಯರ ಸಮುದಾಯ ಬೇಕು. ಆದುದರಿಂದ ನಾಟಕಕಾರನ ಸ್ಮರಣೆಯು ಮೂರ್ತಿಸ್ಥಾಪನೆ, ಮೆರವಣಿಗೆ, ಭಾಷಣಗಳಿಂದಲೇ ಮುಗಿಯುವಂತಹುದಲ್ಲ. ಆತನ ಕೃತಿ ರಂಗದ ಮೇಲೆ ಜೀವ ತಳೆದಾಗಲೇ ಅದು ಪೂರ್ಣವಾಗುತ್ತದೆ. ಈ ಮಾತಿಗೆ ಉತ್ತಮ ನಿದರ್ಶನವು ಇಂಗ್ಲೆಂಡಿನಲ್ಲಿ ಏವನ್ ನದಿಯ ದಡದಲ್ಲಿರುವ ಸ್ಟ್ರಾಟ್‌ಫರ್ಡ್ ಪಟ್ಟಣದ ಚರಿತ್ರೆಯಲ್ಲಿ ದೊರೆಯುತ್ತದೆ. ತನ್ನ ಮಡಿಲಲ್ಲಿ ಹುಟ್ಟಿದ ಮಹಾಕವಿಯನ್ನು ಹೇಗೆ ನೆನೆಯಬೇಕೆಂಬುದನ್ನು ಕಲಿಯಲು ಆ ಪಟ್ಟಣಕ್ಕೆ ನೂರು ವರ್ಷಗಳಿಗೂ ಮೀರಿದ ಕಾಲ ಹಿಡಿಯಿತು.

ಹಿಪ್ಪುನೇರಳೆಯ ಮರ

ವಿಲಿಯಂ ಷೇಕ್ಸ್‌ಪಿಯರನು ಈ ಊರಿನ ಕೈಗವಸು ತಯಾರಕನೊಬ್ಬನ ಮಗ. ಹೋಲಿ ಟ್ರಿನಿಟಿ ಚರ್ಚಿನ ದಾಖಲೆಯಂತೆ ಆತನ ದೀಕ್ಷಾಸ್ನಾನ ನಡೆದುದು 1564ರ ಏಪ್ರಿಲ್ 26ರಂದು. ಹುಟ್ಟಿದ ದಿನ ದಾಖಲೆಯಲ್ಲಿಲ್ಲ. ಏಪ್ರಿಲ್ 23 ಎಂದು ಎಣಿಸುವುದು ರೂಢಿಯಿಂದ ಬಂದುದು. 1616ರಲ್ಲಿ ಆತ ತೀರಿಕೊಂಡುದೂ ಏಪ್ರಿಲ್ 23ರಂದೇ. ಆತನ ಸಹನಟರಾದ ಹೆಮಿಂಗ್ ಮತ್ತು ಕಾಂಡೆಲ್ ಎಂಬುವರು 1623ರಲ್ಲಿ 36 ನಾಟಕಗಳನ್ನು ಒಂದು ಸಂಪುಟದಲ್ಲಿ ಅಚ್ಚು ಮಾಡಿಸಿದರು. ಅವುಗಳಲ್ಲಿ 18 ನಾಟಕಗಳು ಅದುವರೆಗೆ ಅಚ್ಚಾಗಿರಲಿಲ್ಲ. ಹೀಗೆ ಕೃತಿಗಳೇನೋ ಉಳಿದವು. ಆದರೆ ಊರಿನಲ್ಲಿ ಕವಿಯ ನೆನಪು ಬಹುಕಾಲ ಮಂಕಾಗಿಯೇ ಇದ್ದಿತು.

ಕವಿ ತನ್ನ ಕೊನೆಯ ದಿನಗಳನ್ನು ಕಳೆದ ‘ನ್ಯೂ ಪ್ಲೇಸ್’ ಎಂಬ ಮನೆಯ ತೋಟದಲ್ಲಿ ಒಂದು ಹಿಪ್ಪುನೇರಳೆಯ ಮರವಿದ್ದಿತು. ಅದನ್ನು ಆತನೇ ನೆಟ್ಟನೆಂಬುದು ಪ್ರತೀತಿ. ಮರವನ್ನು ನೋಡಬರುವವರ ಕಾಟಕ್ಕೆ ಬೇಸತ್ತ ಅಂದಿನ ಮನೆಯೊಡೆಯ, ಪಾದ್ರಿ ಫ್ರಾನ್ಸಿಸ್ ಗ್ಯಾಸ್ಟ್ರೆಲ್, 1756ರಲ್ಲಿ ಮರವನ್ನು ಕಡಿಸಿದನು. ಮುಂದೆ 1759ರಲ್ಲಿ ಮನೆಯನ್ನೂ ಕೆಡವಿಸಿದನು. ಊರಿನವರು ಕೆರಳಿದರು. ಮರದ ತುಂಡುಗಳಿಂದ ಪೆಟ್ಟಿಗೆ, ಬಟ್ಟಲು ಮುಂತಾದುವನ್ನು ಕೆತ್ತಿ ಮಾರುವ ಕಸುಬೊಂದು ಬೆಳೆಯಿತು. ಕಳೆದುಕೊಂಡ ಮೇಲೆ ಬೆಲೆ ತಿಳಿಯುವುದು ಲೋಕಸ್ವಭಾವವಷ್ಟೆ.

ನಾಟಕವಿಲ್ಲದ ನಾಟಕೋತ್ಸವ

ಸ್ಟ್ರಾಟ್‌ಫರ್ಡಿನ ಪುರಭವನವು ಹೊಸದಾಗಿ ನಿರ್ಮಿತವಾದಾಗ ಅಲ್ಲಿಗೆ ಕವಿಯ ಮೂರ್ತಿಯೊಂದು ಬೇಕಾಯಿತು. ಪೌರಸಭೆಯವರು ಲಂಡನ್ನಿನ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್‌ನ ಮೊರೆಹೊಕ್ಕರು. ಆ ಹಿಪ್ಪುನೇರಳೆಯ ಮರದಿಂದಲೇ ಕೆತ್ತಿದ ಕರಂಡಕದಲ್ಲಿ ಆತನಿಗೆ ಪೌರಗೌರವವನ್ನಿತ್ತರು. ಗ್ಯಾರಿಕ್ ಮೂರ್ತಿಯನ್ನು ಕೊಟ್ಟುದಲ್ಲದೆ 1769ರ ಸೆಪ್ಟೆಂಬರ್ 6, 7 ಮತ್ತು 8ರಂದು ಮೂರು ದಿನಗಳ ಮಹೋತ್ಸವವನ್ನೇ ಏರ್ಪಡಿಸಿದನು. ಏವನ್ ನದಿಯ ದಡದಲ್ಲಿ ಮರದ ದುಂಡುಮಂಟಪವೊಂದು ಎದ್ದಿತು. ತೋಪುಗಳು ಹಾರಿದವು, ಗಾಯನ ನಡೆಯಿತು, ಔತಣ ನೃತ್ಯಗಳು ನಡೆದವು. ಸಂಗೀತಗಾರ ತಾಮಸ್ ಆರ್ನ್ ಸ್ವರ ಸಂಯೋಜಿಸಿದ ಸ್ತುತಿಗೀತವನ್ನು ಗ್ಯಾರಿಕ್ ಮೇಳದೊಡನೆ ವಾಚಿಸಿದನು. ಆದರೆ ಎರಡನೆಯ ದಿನ ಸುರಿದ ಮಳೆಗೆ ನದಿ ಉಕ್ಕಿತು. ನಾಟಕಗಳ ಪಾತ್ರಗಳು ಬೀದಿಯಲ್ಲಿ ಸಾಗಬೇಕಾಗಿದ್ದ ಮೆರವಣಿಗೆ ನಿಂತುಹೋಯಿತು. ಬಾಣಬಿರುಸುಗಳು ನೆನೆದು ಕೆಟ್ಟವು. ಗ್ಯಾರಿಕ್‌ಗೆ ಸುಮಾರು ಎರಡು ಸಾವಿರ ಪೌಂಡುಗಳ ನಷ್ಟವಾಯಿತು.

ಮಳೆ ದೈವಾಯತ್ತ, ಅದನ್ನು ದೂಷಿಸಿ ಫಲವಿಲ್ಲ. ಗಮನಿಸಬೇಕಾದುದು ಬೇರೊಂದಿದೆ. ಆ ಮೂರು ದಿನಗಳಲ್ಲಿ ಷೇಕ್ಸ್‌ಪಿಯರನ ಒಂದು ನಾಟಕವೂ ಆಡಲ್ಪಡಲಿಲ್ಲ. ಅದಕ್ಕೆ ಕಾರ್ಯಕ್ರಮದಲ್ಲಿಯೇ ಎಡೆಯಿರಲಿಲ್ಲ. ನಟಶ್ರೇಷ್ಠನೇ ಏರ್ಪಡಿಸಿದ ನಾಟಕಕಾರನ ಉತ್ಸವದಲ್ಲಿ ನಾಟಕವೊಂದೇ ಇಲ್ಲವಾಯಿತು! ವಿನೋದವೆಂದರೆ, ಗ್ಯಾರಿಕ್ ಲಂಡನ್ನಿಗೆ ಮರಳಿ ಅದೇ ವರ್ಷದ ಅಕ್ಟೋಬರಿನಲ್ಲಿ ಈ ಉತ್ಸವವನ್ನೇ ವಸ್ತುವಾಗಿಸಿಕೊಂಡ ರೂಪಕವೊಂದನ್ನು ಡ್ರೂರಿ ಲೇನ್ ರಂಗಮಂದಿರದಲ್ಲಿ ಆಡಿಸಿದನು. ಮಳೆಯಲ್ಲಿ ನಿಂತುಹೋದ ಮೆರವಣಿಗೆ ಅಲ್ಲಿ ರಂಗದ ಮೇಲೆ ಸಾಗಿತು. ಸುಮಾರು ತೊಂಬತ್ತು ಪ್ರಯೋಗಗಳನ್ನು ಕಂಡು ಅದು ನಷ್ಟವನ್ನು ತುಂಬಿಕೊಟ್ಟಿತು. ಬೀದಿಯಲ್ಲಿ ಸೋತುದು ರಂಗದ ಮೇಲೆ ಗೆದ್ದಿತು.

ಪೌರರ ಕಾರ್ಯ

ಮುಂದಿನ ಹೆಜ್ಜೆಯನ್ನಿಟ್ಟವರು ಊರಿನವರೇ. 1824ರಲ್ಲಿ ‘ಫಾಲ್ಕನ್’ ಎಂಬ ಛತ್ರದಲ್ಲಿ ಕೆಲವು ಪಟ್ಟಣಿಗರು ಸೇರಿ ಷೇಕ್ಸ್‌ಪಿಯರ್ ಸಂಘವನ್ನು ಸ್ಥಾಪಿಸಿದರು. 1827ರ ಏಪ್ರಿಲ್ ಉತ್ಸವದಲ್ಲಿ ಊರಿನವರು ನಾಟಕಗಳ ಪಾತ್ರಗಳ ವೇಷ ಧರಿಸಿ ಬೀದಿಗಳಲ್ಲಿ ಸಾಗಿದರು. ಗ್ಯಾರಿಕ್‌ಗೆ ಕೈಗೂಡದ ಮೆರವಣಿಗೆ ಹೀಗೆ ಸಾಮಾನ್ಯ ಪೌರರಿಗೆ ಕೈಗೂಡಿತು. 1864ರ ತ್ರಿಶತಮಾನೋತ್ಸವಕ್ಕೆ ಸಾವಿರಾರು ಮಂದಿ ಹಿಡಿಸುವ ಮರದ ಮಂಟಪವನ್ನು ಕಟ್ಟಲಾಯಿತು. ಹ್ಯಾಮ್ಲೆಟ್ ಪಾತ್ರವನ್ನು ಯಾರು ವಹಿಸಬೇಕೆಂಬ ವಿಷಯದಲ್ಲಿ ವೈಮನಸ್ಯ ಬೆಳೆದು ಫೆಲ್ಪ್ಸ್ ಮತ್ತು ಫೆಕ್ಟರ್ ಎಂಬ ಇಬ್ಬರು ದೊಡ್ಡ ನಟರೂ ಹಿಂದೆ ಸರಿದರು. ಆದರೂ ‘ರೋಮಿಯೋ ಅಂಡ್ ಜೂಲಿಯೆಟ್’, ‘ಆಸ್ ಯು ಲೈಕ್ ಇಟ್’ ಮೊದಲಾದ ನಾಟಕಗಳು ಪ್ರಯೋಗಗೊಂಡವು. ಉತ್ಸವ ಮುಗಿದೊಡನೆ ಮಂಟಪವನ್ನು ಬಿಚ್ಚಿದರು. ಕವಿಗೆ ಶಾಶ್ವತವಾದ ರಂಗಮಂದಿರ ಬೇಕೆಂಬ ಅರಿವು ಆಗ ಬಲಗೊಂಡಿತು.

ಆ ಕಾರ್ಯವನ್ನು ಕೈಗೊಂಡವನು ಊರಿನ ಬಿಯರ್ ತಯಾರಿಕೆಯ ಉದ್ಯಮಿ ಚಾರ್ಲ್ಸ್ ಎಡ್ವರ್ಡ್ ಫ್ಲವರ್. ನದೀತೀರದಲ್ಲಿ ಎರಡು ಎಕರೆ ಭೂಮಿಯನ್ನು ದಾನವಾಗಿತ್ತು, ತಾನೂ ಧನವನ್ನು ಧಾರಾಳವಾಗಿ ಕೊಟ್ಟು, ಇತರರಿಂದಲೂ ವಂತಿಗೆ ಎತ್ತಿದನು. ಸಣ್ಣ ಊರಿನ ವರ್ತಕನೊಬ್ಬ ನಾಟಕಶಾಲೆ ಕಟ್ಟುವುದೇ ಎಂದು ಲಂಡನ್ನಿನ ಪತ್ರಿಕೆಗಳು ಅಪಹಾಸ್ಯ ಮಾಡಿದವು. ಆತ ಅಳುಕಲಿಲ್ಲ. 1879ರ ಏಪ್ರಿಲ್ 23ರಂದು ‘ಮಚ್ ಅಡೂ ಅಬೌಟ್ ನಥಿಂಗ್’ ನಾಟಕದೊಡನೆ ಸ್ಮಾರಕ ರಂಗಮಂದಿರ ತೆರೆಯಿತು. 1886ರಿಂದ ಸುಮಾರು ಮೂವತ್ತು ವರ್ಷಗಳ ಕಾಲ ಫ್ರಾಂಕ್ ಬೆನ್ಸನ್ನನ ಮಂಡಳಿ ಅಲ್ಲಿನ ವಾರ್ಷಿಕ ನಾಟಕೋತ್ಸವವನ್ನು ಬೆಳೆಸಿತು.

1926ರ ಮಾರ್ಚ್ 6ರಂದು ಆ ಮಂದಿರ ಬೆಂಕಿಗೆ ತುತ್ತಾಯಿತು. ಉತ್ಸವಕ್ಕೆ ಉಳಿದಿದ್ದುದು ಕೆಲವೇ ವಾರಗಳು. ಆದರೂ ಉತ್ಸವ ನಿಲ್ಲಲಿಲ್ಲ. ಊರಿನ ಚಲನಚಿತ್ರಮಂದಿರವೇ ರಂಗಸ್ಥಳವಾಯಿತು. ಸ್ವದೇಶದಿಂದಲೂ ಅಮೆರಿಕೆಯಿಂದಲೂ ದ್ರವ್ಯಸಹಾಯ ಹರಿದುಬಂದಿತು. ಎಲಿಜಬೆತ್ ಸ್ಕಾಟ್ ಎಂಬ ತರುಣ ಶಿಲ್ಪಜ್ಞೆ ರೂಪಿಸಿದ ಹೊಸ ಮಂದಿರ 1932ರ ಏಪ್ರಿಲ್ 23ರಂದು ತೆರೆಯಿತು. ಬೆಂಕಿಯಿಂದ ಉಳಿದ ಹಳೆಯ ಗೋಡೆಗಳ ಒಳಗೆ 1986ರಲ್ಲಿ ‘ಸ್ವಾನ್’ ಎಂಬ ಮತ್ತೊಂದು ರಂಗಮಂದಿರ ಸಿದ್ಧವಾಯಿತು. 1864ರ ಮಂಟಪ ಉತ್ಸವಕ್ಕಾಗಿ ಎದ್ದು ಉತ್ಸವದೊಡನೆ ಮರೆಯಾಗಿದ್ದಿತು; ರಂಗಮಂದಿರವಾದರೋ ಸುಟ್ಟರೂ ಮತ್ತೆ ಎದ್ದಿತು. ನಡುವೆ ನಡೆದ ವರ್ಷ ವರ್ಷದ ಪ್ರಯೋಗಗಳೇ ಈ ವ್ಯತ್ಯಾಸಕ್ಕೆ ಕಾರಣವೆನ್ನಬೇಕು.

ಶಾಲೆಯ ಬಾಲಕರು

ಈ ಕಥನದಲ್ಲಿ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ವಿಶೇಷ ಸ್ಥಾನವಿದೆ. ಷೇಕ್ಸ್‌ಪಿಯರ್ ಓದಿದನೆಂದು ನಂಬಲಾಗಿರುವ ಆರನೆಯ ಎಡ್ವರ್ಡ್ ದೊರೆಯ ಹೆಸರಿನ ಶಾಲೆ ಇಂದಿಗೂ ಆ ಊರಿನಲ್ಲಿದೆ. 1893ರಲ್ಲಿ ಆ ಶಾಲೆಯ ಬಾಲಕರು ಕೈಯಲ್ಲಿ ಹೂಗಳನ್ನು ಹಿಡಿದು ಚರ್ಚಿಗೆ ನಡೆದು ಕವಿಯ ಸಮಾಧಿಗೆ ಅರ್ಪಿಸಿದರು. ಆ ಪದ್ಧತಿಯೇ ಬೆಳೆದು ಇಡೀ ಪಟ್ಟಣದ ಆಚರಣೆಯಾಯಿತು. ನಾನಾ ದೇಶಗಳ ಧ್ವಜಗಳು ಬೀದಿಗಳಲ್ಲಿ ಬಿಚ್ಚಿಕೊಳ್ಳುತ್ತವೆ. ರೋಸ್‌ಮೆರಿ ಎಂಬ ಸುಗಂಧಸಸ್ಯದ ಕುಡಿಯನ್ನು ಜನ ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ‘ಹ್ಯಾಮ್ಲೆಟ್’ ನಾಟಕದ ಒಫೀಲಿಯಾ ಅದನ್ನು ನೆನಪಿನ ಕುರುಹೆನ್ನುತ್ತಾಳೆ. ಚರ್ಚಿನ ಗೋಡೆಯಲ್ಲಿರುವ ಕವಿಯ ಅರ್ಧಪ್ರತಿಮೆಯ ಕೈಯಲ್ಲಿ ನಿಜವಾದ ಗರಿಯ ಲೇಖನಿಯೊಂದಿದೆ. ವರ್ಷಕ್ಕೊಮ್ಮೆ ಹಳೆಯ ಲೇಖನಿಯನ್ನು ತೆಗೆದು ಹೊಸದನ್ನಿಡುವರು. ಕಲ್ಲಿನ ಕೈ ಅದೇ. ಲೇಖನಿ ಮಾತ್ರ ಹೊಸದು. ಕೃತಿ ಅದೇ, ಪ್ರಯೋಗ ಮಾತ್ರ ಹೊಸದು ಎಂಬುದಕ್ಕೆ ಇದಕ್ಕಿಂತ ಅರ್ಥವತ್ತಾದ ಸಂಕೇತ ಬೇರೆ ಬೇಕಿಲ್ಲ.

2016ರಲ್ಲಿ, ಕವಿ ಗತಿಸಿ 400 ವರ್ಷಗಳಾದ ಸಂದರ್ಭದಲ್ಲಿ, ಸ್ಟ್ರಾಟ್‌ಫರ್ಡಿನ ರಾಯಲ್ ಷೇಕ್ಸ್‌ಪಿಯರ್ ಕಂಪನಿ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನಾಟಕವನ್ನು ದೇಶದಾದ್ಯಂತ ಕೊಂಡೊಯ್ದಿತು. ಆ ನಾಟಕದಲ್ಲಿ ನೇಕಾರ, ಬಡಗಿ, ಕಲಾಯಿಗಾರ ಮೊದಲಾದ ಕಸುಬುದಾರರು ಕೂಡಿ ದೊರೆಯ ಮುಂದೆ ನಾಟಕವಾಡುವ ಪ್ರಸಂಗವಿದೆ. ಆ ಪಾತ್ರಗಳನ್ನು ಕಂಪನಿಯ ನಟರು ವಹಿಸಲಿಲ್ಲ. 14 ಹವ್ಯಾಸಿ ತಂಡಗಳು ತಮ್ಮ ತಮ್ಮ ಪ್ರದೇಶದಲ್ಲಿ ವಹಿಸಿದವು. ಗಂಧರ್ವರಾಣಿ ಟೈಟಾನಿಯಾಳ ಪರಿವಾರವಾಗಿ ಸ್ಥಳೀಯ ಶಾಲೆಗಳ ಮಕ್ಕಳು ರಂಗಕ್ಕೆ ಬಂದರು. 1769ರಲ್ಲಿ ಪ್ರೇಕ್ಷಕರಾಗಿ ಮಳೆಯಲ್ಲಿ ನೆನೆದ ಸಾಮಾನ್ಯ ಜನ 2016ರಲ್ಲಿ ಪಾತ್ರಧಾರಿಗಳಾದರು.

ಕನ್ನಡದ ಸಂಬಂಧ

ಈ ಮಾತು ಕನ್ನಡಕ್ಕೆ ಹೊಸದಲ್ಲ. ಬಸವಪ್ಪಶಾಸ್ತ್ರಿಗಳು ಇಂಗ್ಲಿಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ‘ಒಥೆಲೊ’ ನಾಟಕವನ್ನು ‘ಶೂರಸೇನ ಚರಿತ್ರೆ’ಯಾಗಿಸಿದರು. ಎಂ. ಎಲ್. ಶ್ರೀಕಂಠೇಶಗೌಡರು ‘ಮ್ಯಾಕ್‌ಬೆತ್’ ನಾಟಕವನ್ನು ‘ಪ್ರತಾಪರುದ್ರದೇವ’ವಾಗಿಸಿದರು, ಕುವೆಂಪು ಅವರು ‘ಬಿರುಗಾಳಿ’, ‘ರಕ್ತಾಕ್ಷಿ’ಗಳನ್ನು ರಚಿಸಿದರು. ಇವರು ಷೇಕ್ಸ್‌ಪಿಯರನನ್ನು ಕೇವಲ ಹೊಗಳಲಿಲ್ಲ. ಕನ್ನಡದ ಹೆಸರು, ಉಡುಗೆ, ನುಡಿಗಟ್ಟುಗಳನ್ನಿತ್ತು ಆಡುವಂತೆ ಮಾಡಿದರು. ಲೇಖನಿ ಬದಲಿಸುವ ಕಾರ್ಯದಲ್ಲಿ ಇವರದೂ ಪಾಲಿದೆ.

ಸ್ಟ್ರಾಟ್‌ಫರ್ಡಿನ ಚರಿತ್ರೆಯಿಂದ ಗ್ರಹಿಸಬೇಕಾದ ತತ್ತ್ವ ಸರಳವಾಗಿದೆ. ದಾನಿಗಳು ಭೂಮಿ ಕೊಟ್ಟರು, ಪೌರರು ಸಂಘ ಕಟ್ಟಿದರು, ಶಿಕ್ಷಕರು ಮಕ್ಕಳ ಕೈಗೆ ಹೂ ಕೊಟ್ಟರು, ನಟರು ಆಡಿದರು. ಇವುಗಳಲ್ಲಿ ಮೊದಲ ಮೂರೂ ನಾಲ್ಕನೆಯದರಲ್ಲಿ ಸಾರ್ಥಕವಾದವು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಸ್ವಾಗತ, ಸನ್ಮಾನ, ಭಾಷಣಗಳೆಲ್ಲ ಮುಗಿದು ಹೊತ್ತು ಮೀರಿದ ಮೇಲೆ ಮಕ್ಕಳ ನಾಟಕಕ್ಕೆ ಅರ್ಧ ಗಂಟೆ ಉಳಿಯುವುದು ಅಪರೂಪವಲ್ಲ. ಆ ಅರ್ಧ ಗಂಟೆಗೆ ಇಡೀ ಸಂಜೆಯ ಅಗ್ರಸ್ಥಾನವನ್ನಿತ್ತರೆ, ಉತ್ತಮ ಕೃತಿಯೊಂದನ್ನು ಆರಿಸಿ ಮಕ್ಕಳ ನಾಲಗೆಯಲ್ಲಿ ಅದು ನಲಿಯುವಂತೆ ವರ್ಷವಿಡೀ ಕಲಿಸಿದರೆ, ಕವಿಗೆ ಸಲ್ಲುವ ಗೌರವ ಸಂದಂತಾಗುತ್ತದೆ. ಕವಿಯ ಮೂರ್ತಿಗೆ ಮಾಲೆ ಹಾಕಲು ಒಂದು ನಿಮಿಷ ಸಾಕು. ಕವಿಯ ಮಾತನ್ನು ಒಂದು ಮಗುವಿನ ಬಾಯಿಗೆ ತರಲು ಒಂದು ವರ್ಷ ಬೇಕು. ಆದರೆ ಹಾಗೆ ಬಂದ ಮಾತು ಆ ಮಗುವಿನ ಜೀವಮಾನವಿಡೀ ಉಳಿಯುತ್ತದೆ.