ದಾರಿಯಲ್ಲಿ ಗಾಡಿ ಕೆಟ್ಟು ನಿಂತಾಗ: ಹೊಸ ಟ್ಯಾಂಕರ್ ಚಾಲಕರಿಗೊಂದು ಪಾಠ



ಹಸು ಕಟ್ಟಿರುವ ಮನೆಗಳ ಎಷ್ಟೋ ಹುಡುಗರು ಇಂದು ಹಾಲಿನ ಗಾಡಿಯ ಸ್ಟೇರಿಂಗ್ ಹಿಡಿದಿದ್ದಾರೆ. ಮೊದಲು ಕ್ಯಾನ್ ಲಾರಿಯಲ್ಲಿ ಹಳ್ಳಿಯಿಂದ ಶೀತಲ ಕೇಂದ್ರಕ್ಕೆ, ಕೈ ಪಳಗಿದ ಮೇಲೆ ಟ್ಯಾಂಕರಿನಲ್ಲಿ ಜಿಲ್ಲೆ ದಾಟಿ, ರಾಜ್ಯ ದಾಟಿ ಹೋಗುತ್ತಾರೆ. 2024ರ ನವೆಂಬರಿನಲ್ಲಿ ದೆಹಲಿಯಲ್ಲಿ ನಂದಿನಿ ಹಾಲಿನ ಮಾರಾಟ ಶುರುವಾಯಿತು. ಮಂಡ್ಯದಿಂದ ಅಲ್ಲಿಗೆ 2,000 ಕಿಲೋಮೀಟರಿಗೂ ಹೆಚ್ಚು ದಾರಿ. ಇಷ್ಟು ದೂರ ಓಡುವ ಗಾಡಿ ಒಂದಲ್ಲ ಒಂದು ದಿನ ಕೆಟ್ಟು ನಿಲ್ಲುತ್ತದೆ.

ನಿಮ್ಮ ಮನೆಯಲ್ಲಿ ಹೊಸ ಚಾಲಕನಿದ್ದರೆ ಈ ಪುಟವನ್ನು ಅವನ ಕೈಗೆ ಕೊಡಿ. ಮುಂದಿನ ಮಾತು ಅವನಿಗೆ.

ಮೊದಲು ಹಾಲಿನ ಚಿಂತೆ ಬಿಡಿ

ಗಾಡಿ ನಿಂತ ಕೂಡಲೇ ಹೊಸ ಚಾಲಕನ ಎದೆ ಹೊಡೆದುಕೊಳ್ಳುವುದು ಹಾಲಿನ ಬಗ್ಗೆ. 10,000 ಲೀಟರಿನ ಟ್ಯಾಂಕರ್ ಎಂದರೆ ದಿನಕ್ಕೆ ಹತ್ತು ಲೀಟರ್ ಹಾಕುವ ಸಾವಿರ ಮನೆಗಳ ಒಂದು ದಿನದ ದುಡಿಮೆ. ಆ ಭಯದಲ್ಲೇ ರಸ್ತೆ ನೋಡದೆ ಕೆಳಗೆ ಹಾರುತ್ತಾನೆ, ಜಾಕ್ ಸರಿಯಾಗಿ ಕೂರಿಸದೆ ಗಾಡಿಯ ಅಡಿಗೆ ನುಗ್ಗುತ್ತಾನೆ.

ಆದರೆ ಟ್ಯಾಂಕರ್ ಕಟ್ಟಿರುವ ರೀತಿಯನ್ನು ತಿಳಿದುಕೊಳ್ಳಿ. ಒಳಗೊಂದು ಸ್ಟೀಲ್ ತೊಟ್ಟಿ, ಹೊರಗೊಂದು ಕವಚ, ನಡುವೆ ಬಿಸಿ ತಡೆಯುವ ಪದರ. ಸುಮಾರು 4 ಡಿಗ್ರಿಗೆ ತಣಿಸಿ ತುಂಬಿದ ಹಾಲು, ಟ್ಯಾಂಕರ್ ಸುಸ್ಥಿತಿಯಲ್ಲಿದ್ದರೆ, ಇಡೀ ದಿನಕ್ಕೆ ಒಂದೆರಡು ಡಿಗ್ರಿ ಮಾತ್ರ ಬಿಸಿಯಾಗುತ್ತದೆ. ಎರಡು ಮೂರು ಗಂಟೆ ನಿಂತರೆ ಹಾಲಿಗೆ ಏನೂ ಆಗುವುದಿಲ್ಲ. ಕ್ಯಾನ್ ಲಾರಿಯ ಮಾತು ಬೇರೆ. ತಣಿಸದ ಹಾಲು ಬಿಸಿಲಿನಲ್ಲಿ ಬೇಗ ಹುಳಿಯಾಗುತ್ತದೆ. ಹಾಗಾಗಿ ರಿಪೇರಿಗೆ ಕಾಯದೆ ಕೂಡಲೇ ಬೇರೆ ಗಾಡಿ ಕೇಳಬೇಕು. ಎರಡರಲ್ಲೂ ಮೊದಲ ಹತ್ತು ನಿಮಿಷ ಜೀವ ಉಳಿಸುವುದಕ್ಕೆ ಮೀಸಲು.

ಮೊದಲ ಹತ್ತು ನಿಮಿಷ

1. ಗಾಡಿ ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ಸದ್ದು ಬದಲಾದರೆ, ಹೊಗೆ ಬಂದರೆ, ಬಿಸಿ ತೋರಿಸುವ ಮುಳ್ಳು ಏರಿದರೆ, ಗಾಳಿ ಕಡಿಮೆಯಾಗಿ ಬಜರ್ ಕೂಗಿದರೆ, ಓಟ ಇರುವಾಗಲೇ ಎಡಕ್ಕೆ ತನ್ನಿ. ತಿರುವು, ಸೇತುವೆ, ಏರಿನ ನೆತ್ತಿ ಬೇಡ. ಏರ್ ಬ್ರೇಕಿನ ಗಾಡಿಗಳಲ್ಲಿ ಗಾಳಿ ಪೂರ್ತಿ ಇಳಿದರೆ ಹಿಂದಿನ ಚಕ್ರಗಳು ತಾವೇ ಬಿಗಿದುಕೊಳ್ಳುತ್ತವೆ. ಆಮೇಲೆ ಗಾಡಿ ನಡುರಸ್ತೆಯಿಂದ ಕದಲುವುದಿಲ್ಲ.

2. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ಸಾಧ್ಯವಾದರೆ ಎಡಗಡೆ ಬಾಗಿಲಿನಿಂದ ಇಳಿಯಿರಿ. ಕ್ಲೀನರ್ ಇದ್ದರೆ ಅವನನ್ನೂ ಅದೇ ಕಡೆ ಇಳಿಸಿ.

3. ಚಕ್ರಕ್ಕೆ ಮರದ ದಿಮ್ಮಿ ಅಡ್ಡ ಕೊಡಿ. ಏರಿನಲ್ಲಿ ನಿಂತಿದ್ದರೆ ಚಕ್ರದ ಹಿಂದೆ, ಇಳಿಜಾರಿನಲ್ಲಿ ಮುಂದೆ.

4. ಪ್ರತಿಫಲಿಸುವ ತ್ರಿಕೋನವನ್ನು ಹಿಂದೆ ದೂರ ಇಡಿ. 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ತ್ರಿಕೋನ 50 ಮೀಟರ್ ಹಿಂದಿದ್ದರೂ ಆ ಚಾಲಕನಿಗೆ ಸಿಗುವುದು ಎರಡು ಸೆಕೆಂಡು ಚಿಲ್ಲರೆ. ಹಾಗಾಗಿ ಕನಿಷ್ಠ 70 ಹೆಜ್ಜೆ, ಹೆದ್ದಾರಿಯಲ್ಲಿ ಅದರ ಎರಡರಷ್ಟು. ತಿರುವಿನ ಬಳಿ ನಿಂತಿದ್ದರೆ ತಿರುವಿಗೂ ಹಿಂದೆ. ಅಂಚಿನಲ್ಲೇ, ಬರುವ ವಾಹನಗಳನ್ನು ನೋಡುತ್ತಾ, ತ್ರಿಕೋನವನ್ನು ಮುಂದೆ ಹಿಡಿದು ನಡೆಯಿರಿ.

5. ಈಗ ಫೋನ್ ಮಾಡಿ. ಸಾಗಣೆ ವಿಭಾಗಕ್ಕೆ ಮತ್ತು ಗಾಡಿ ಮಾಲೀಕರಿಗೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ಹಿಂದೆ ದಾಟಿದ ಟೋಲ್, ಯಾವ ಕಡೆ ಹೋಗುವ ರಸ್ತೆ ಎಂದು ಹೇಳಿ. ವಾಟ್ಸಾಪಿನಲ್ಲಿ ಲೊಕೇಶನ್ ಕಳಿಸಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ನೆರವಿಗೆ 1033, ತುರ್ತಿಗೆ 112, ಆಂಬುಲೆನ್ಸಿಗೆ 108.

ಕಲ್ಲು, ಸೊಪ್ಪಿನ ಮಾತು

ಕೆಟ್ಟ ಲಾರಿಯ ಹಿಂದೆ ಸೊಪ್ಪಿನ ಕೊಂಬೆ ಕಟ್ಟಿ ಸುತ್ತ ಕಲ್ಲು ಜೋಡಿಸುವುದು ಹಳೆಯ ರೂಢಿ. ರಾತ್ರಿ ಸೊಪ್ಪು ಕಾಣುವುದಿಲ್ಲ. ಕಲ್ಲಿನಿಂದ ಇನ್ನೂ ದೊಡ್ಡ ಕೇಡು. ರಿಪೇರಿ ಮುಗಿದ ಖುಷಿಯಲ್ಲಿ ಗಾಡಿ ಹೊರಡುತ್ತದೆ, ಕಲ್ಲು ರಸ್ತೆಯಲ್ಲೇ ಉಳಿಯುತ್ತದೆ. ಬೆಳಗಿನ ಐದು ಗಂಟೆಯ ಮಬ್ಬಿನಲ್ಲಿ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಬರುವವನು ನಿಮ್ಮ ಅಪ್ಪನಂಥದೇ ಒಬ್ಬ ರೈತ. ಅವನಿಗೆ ಆ ಕಲ್ಲು ಕಾಣಿಸದು. ಚಕ್ರಕ್ಕೆ ಕೊಟ್ಟಿದ್ದು ಕಲ್ಲೇ ಆಗಿದ್ದರೆ ಹೊರಡುವ ಮುನ್ನ ನಿಮ್ಮ ಕೈಯಾರೆ ಎತ್ತಿ ಚರಂಡಿಯ ಆಚೆ ಹಾಕಿ.

ನೀವೇ ಮಾಡಬಹುದಾದದ್ದು, ಮಾಡಬಾರದ್ದು

ಎಂಜಿನ್ ಬಿಸಿ: ರೇಡಿಯೇಟರ್ ಮುಚ್ಚಳ ಕೂಡಲೇ ತೆರೆಯಬೇಡಿ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಿ. ಬಿಸಿ ಎಂಜಿನ್ನಿಗೆ ಒಮ್ಮೆಗೇ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಫ್ಯಾನ್ ಬೆಲ್ಟ್, ನೀರಿನ ಪೈಪು ನೋಡಿ.

ಟೈರ್ ಪಂಕ್ಚರ್: ಜಾಕ್ ಏರಿಸುವ ಮೊದಲೇ ನಟ್‌ಗಳನ್ನು ಸಡಿಲಿಸಿ. ಜಾಕನ್ನು ಗಟ್ಟಿ ನೆಲದ ಮೇಲೆ, ಅಡಿಗೆ ಹಲಗೆ ಕೊಟ್ಟು ನಿಲ್ಲಿಸಿ. ಜಾಕ್ ಒಂದನ್ನೇ ನಂಬಿ ಗಾಡಿಯ ಅಡಿಗೆ ಹೋಗಬೇಡಿ. ನಟ್ ಬಿಗಿಯುವಾಗ ಎದುರುಬದುರು ಬಿಗಿಯಿರಿ. 50 ಕಿಲೋಮೀಟರ್ ಹೋದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಬ್ರೇಕ್ ಸುಟ್ಟ ವಾಸನೆ: ಶಿರಾಡಿ, ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಗೇರು ಬಿಟ್ಟು ಬ್ರೇಕನ್ನೇ ನೆಚ್ಚಿಕೊಂಡರೆ ಹೀಗಾಗುತ್ತದೆ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿ. ಡ್ರಮ್ಮಿಗೆ ನೀರು ಹಾಕಬೇಡಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವ ಬುದ್ಧಿಯನ್ನು ಯಾರು ಹೇಳಿಕೊಟ್ಟರೂ ಕಲಿಯಬೇಡಿ.

ಏರ್ ಬ್ರೇಕ್, ಸ್ಟೇರಿಂಗ್, ಗೇರ್ ಬಾಕ್ಸ್ ಕೆಲಸವನ್ನು ಮೆಕ್ಯಾನಿಕ್‌ಗೆ ಬಿಡಿ.

ಕಾಯುವಾಗ ಗಾಡಿಯ ಹಿಂದೆ ನಿಲ್ಲಬೇಡಿ. ನೆರಳಿದೆ ಎಂದು ಅಡಿಯಲ್ಲಿ ಮಲಗಬೇಡಿ. ರಸ್ತೆಯಿಂದ ದೂರ, ಗಾಡಿ ಕಾಣುವ ಜಾಗದಲ್ಲಿ ಕೂರಿ.

ಸೀಲ್ ನಿಮ್ಮ ಮಾನ

ಟ್ಯಾಂಕರಿನ ಮುಚ್ಚಳ ಮತ್ತು ವಾಲ್ವಿನ ಸೀಲ್ ಒಡೆಯುವ ಅಧಿಕಾರ ನಿಮಗಿಲ್ಲ. ಹಾಲು ನೋಡೋಣ ಎಂದೂ ತೆರೆಯಬೇಡಿ. ಬೇರೆ ಟ್ಯಾಂಕರಿಗೆ ಹಾಲು ದಾಟಿಸಬೇಕಾದರೆ ಒಕ್ಕೂಟದ ಸಿಬ್ಬಂದಿ ಬರಲಿ. ಹಳೆಯ ಸೀಲಿನ ಸಂಖ್ಯೆ, ಹಾಲಿನ ಉಷ್ಣತೆ, ಹೊಸ ಸೀಲಿನ ಸಂಖ್ಯೆ, ಸಮಯ ಇವೆಲ್ಲ ಚಲನ್‌ನಲ್ಲಿ ಬರೆಯಿಸಿಕೊಳ್ಳಿ. ಗಾಡಿ ನಿಂತ ಹೊತ್ತನ್ನು ಕೂಡಲೇ ತಿಳಿಸಿದ ಚಾಲಕನನ್ನು ಯಾರೂ ಅನುಮಾನಿಸುವುದಿಲ್ಲ. ಮುಚ್ಚಿಟ್ಟರೆ, ಡೇರಿಯ ಬಾಗಿಲಲ್ಲಿ ಹಾಲು ಪರೀಕ್ಷೆಯಲ್ಲಿ ಬಿದ್ದಾಗ ಉತ್ತರ ಹೇಳುವುದು ಕಷ್ಟ.

ಹೊರಡುವ ಮುನ್ನ ಗಾಡಿಯಲ್ಲಿರಲಿ

ಎರಡು ತ್ರಿಕೋನ, ಹೊಳೆಯುವ ಜಾಕೆಟ್, ಟಾರ್ಚ್, ಮರದ ದಿಮ್ಮಿ ಎರಡು, ಜಾಕ್, ವೀಲ್ ಸ್ಪ್ಯಾನರ್, ಗಾಳಿ ತುಂಬಿದ ಸ್ಟೆಪ್ನಿ, ಒಂದು ಫ್ಯಾನ್ ಬೆಲ್ಟ್, ಫ್ಯೂಸು, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕುಡಿಯುವ ನೀರು. ಮುಖ್ಯ ನಂಬರುಗಳು ಕಾಗದದ ಮೇಲೂ ಇರಲಿ, ಫೋನಿನ ಚಾರ್ಜ್ ಮುಗಿಯುತ್ತದೆ.

ಮನೆಯವರಿಗೆ ಒಂದು ಮಾತು

ಮಗ ನಡುರಾತ್ರಿ ಫೋನ್ ಮಾಡಿ "ಗಾಡಿ ಕೆಟ್ಟಿದೆ" ಎಂದರೆ "ಹಾಲಿನ ಗತಿ ಏನೋ?" ಎಂದು ಮೊದಲೇ ಕೇಳಬೇಡಿ. "ರಸ್ತೆ ಬಿಟ್ಟು ನಿಂತಿದ್ದೀಯೇನಪ್ಪಾ? ತ್ರಿಕೋನ ಇಟ್ಟೆಯಾ?" ಎಂದು ಕೇಳಿ. ಆ ಒಂದು ಮಾತಿಗೆ ಅವನ ಆತುರ ಇಳಿಯುತ್ತದೆ. ಹಾಲು ನಾಳೆಯೂ ಕರೆಯುತ್ತೇವೆ. ಮಗ ಕ್ಷೇಮವಾಗಿ ಮನೆಗೆ ಬರಲಿ.