ಯೋಚಿಸುವವರೂ ಕಲ್ಲು ಹೊರುವವರೂ
ಓದತಕ್ಕ ಭಾಗ: ನೆಹೆಮೀಯ 2ರಿಂದ 6ನೆಯ ಅಧ್ಯಾಯಗಳು

ನಮ್ಮ ಗ್ರಾಮಗಳಲ್ಲಿ ದೇವಾಲಯವನ್ನು ಕಟ್ಟುವಾಗ ಒಂದು ಗುಣುಗುಟ್ಟುವಿಕೆ ಹುಟ್ಟುವದುಂಟು. ಕಲ್ಲು ಹೊರುವವರು, "ಲೆಕ್ಕದ ಪುಸ್ತಕವನ್ನು ಹಿಡಿದು ನೆರಳಿನಲ್ಲಿ ಕೂತಿರುವ ಹಿರಿಯರದು ಏನು ಕೆಲಸ?" ಅನ್ನುತ್ತಾರೆ. ಹಿರಿಯರು, "ನಾವು ಹೇಳಿಕೊಡದಿದ್ದರೆ ಇವರಿಂದ ಏನಾದೀತು?" ಅನ್ನುತ್ತಾರೆ. ಹೀಗೆ ಗೋಡೆ ಏಳುವದಕ್ಕೆ ಮುಂಚೆ ಸಭೆಯೇ ಒಡೆಯುತ್ತದೆ. ಆದಕಾರಣ ನೆಹೆಮೀಯನ ಚರಿತ್ರೆಯನ್ನು ವಿಚಾರಿಸೋಣ.

1. ಯೋಚನೆಯೂ ಕೆಲಸವೇ. ಪಾರಸಿಯ ಅರಸನಾದ ಅರ್ತಷಸ್ತನ ಪಾನದಾಯಕನಾಗಿದ್ದ ನೆಹೆಮೀಯನು ಪ್ರಯಾಣಕ್ಕೆ ಮುಂಚೆ ಪ್ರಾರ್ಥಿಸಿದನು. ಹಿಂದಿರುಗುವ ಕಾಲವನ್ನು ಅರಸನಿಗೆ ಗೊತ್ತುಮಾಡಿ ಹೇಳಿದನು. ತೊಲೆಗಳಿಗಾಗಿ ವನಪಾಲಕನಾದ ಆಸಾಫನಿಗೆ ಪತ್ರವನ್ನು ಬೇಡಿಕೊಂಡನು. ಯೆರೂಸಲೇಮಿನಲ್ಲಿ ಮೂರು ದಿವಸ ಇದ್ದು, ರಾತ್ರಿಯಲ್ಲಿ ಕೆಲವರೊಡನೆ ಹೊರಟು, ಬಿದ್ದ ಗೋಡೆಯನ್ನೂ ಸುಟ್ಟ ಬಾಗಿಲುಗಳನ್ನೂ ಕಣ್ಣಾರೆ ನೋಡಿದನು. ಆ ರಾತ್ರಿ ಒಂದು ಕಲ್ಲೂ ಏರಲಿಲ್ಲ. ಆದರೂ ಕಟ್ಟಡವು ಆಗಲೇ ಆರಂಭವಾಗಿತ್ತು.

2. ಹಂಚಿಕೆಯಿಂದ ಬಲವುಂಟು. ಅನೇಕರು ತಮ್ಮ ತಮ್ಮ ಮನೆಗಳ ಎದುರಿಗಿದ್ದ ಭಾಗವನ್ನೇ ಕಟ್ಟಿದರು. ತನ್ನ ಮಕ್ಕಳನ್ನು ಕಾಯುವ ಗೋಡೆಯನ್ನು ಯಾವನು ಸಡಿಲವಾಗಿ ಕಟ್ಟುವನು? ಅಕ್ಕಸಾಲಿಗರೂ ವರ್ತಕರೂ ಶಲ್ಲೂಮನ ಕುಮಾರ್ತೆಯರೂ ಪಾಲುಗಾರರಾದರು.

3. ಕೈಹಚ್ಚದ ದೊಡ್ಡಸ್ತಿಕೆ ನಿಂದೆಗೆ ಗುರಿ. ತೆಕೋವದ ಪ್ರಮುಖರು ಕೆಲಸಕ್ಕೆ ಕುತ್ತಿಗೆ ಬಗ್ಗಿಸಲಿಲ್ಲ. ಅವರ ಊರಿನ ಸಾಮಾನ್ಯರಾದರೋ ತಮ್ಮ ಭಾಗವನ್ನು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರು. ಎರಡೂ ಬರೆಯಲ್ಪಟ್ಟಿವೆ.

4. ಆಜ್ಞಾಪಿಸುವವನು ಹೊರೆಯನ್ನು ಅರಿತಿರಬೇಕು. ಹೊರುವವರ ಬಲ ಕುಂದಿತೆಂಬ ಮಾತೂ ಸಾಲದಲ್ಲಿ ಸಿಕ್ಕಿದ ಬಡವರ ಕೂಗೂ ನೆಹೆಮೀಯನಿಗೆ ಮುಟ್ಟಿದವು. ಅವನು ಬಡ್ಡಿ ತೆಗೆಯುವ ಶ್ರೀಮಂತರನ್ನು ಗದರಿಸಿದನು. 12 ವರುಷ ಅಧಿಪತಿಗೆ ಸಲ್ಲುವ ಆಹಾರವನ್ನು ತಕ್ಕೊಳ್ಳಲಿಲ್ಲ. ಕಾವಲಿನ ರಾತ್ರಿಗಳಲ್ಲಿ ಬಟ್ಟೆಯನ್ನು ಕಳಚಲಿಲ್ಲ. ಆದದರಿಂದಲೇ ಜನರು ಅವನ ಮಾತಿಗೆ ಕಿವಿಗೊಟ್ಟರು, ಗೋಡೆಯು 52 ದಿವಸಗಳಲ್ಲಿ ಮುಗಿಯಿತು.

ಹಿರಿಯರೇ, ಸುಣ್ಣಕ್ಕೂ ಮರಕ್ಕೂ ಆದ ವೆಚ್ಚವನ್ನು ತಿಂಗಳಿಗೊಮ್ಮೆ ಸಭೆಯ ಮುಂದೆ ಓದಿರಿ; ಒಂದು ದಿವಸವಾದರೂ ಮಣ್ಣಿನ ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಳ್ಳಿರಿ. ದುಡಿಯುವ ಸಹೋದರರೇ, ಅಳತೆ ತಪ್ಪಿದ ಗೋಡೆಯನ್ನು ಕೆಡವಿ ಕಟ್ಟುವ ಕಷ್ಟವನ್ನು ನೀವು ಬಲ್ಲಿರಿ. ಅದನ್ನು ತಪ್ಪಿಸುವವನು ಸೋಮಾರಿಯಲ್ಲ.

ಪ್ರಶ್ನೆಗಳು: 1. ನೆಹೆಮೀಯನು ರಾತ್ರಿಯಲ್ಲಿ ಏನನ್ನು ಪರೀಕ್ಷಿಸಿದನು? 2. ತೆಕೋವದವರಿಂದ ಕಲಿಯತಕ್ಕ ಎರಡು ಪಾಠಗಳಾವವು? 3. ನಮ್ಮ ಸಭೆಯಲ್ಲಿ ಯಾರ ಹೊರೆಯನ್ನು ನಾವು ನೋಡದೆ ಇದ್ದೇವೆ?